ಪೂರ್ತಿ ಕಂಡ ಮೇಲೆ ಹೇಳು

ಕಾಡಿನಲ್ಲಿ ಯಾರು ಕೂಗಿಕೊಂಡರೂ ಕೇಳಿಸಿಕೊಂಡು, ಆನೆಗಳನ್ನು ಅಲ್ಲಿಗೆ ಕಳಿಸುವ ಅಧಿಕಾರ ಆಲದ ಮರದ ಮುದಿ ಮುಸುವನದು. ಹಿಂದಿನ ದಿನ ಅಳಿಲು ಕೂಗಿತೆಂದು ಓಡಿದ ಆನೆಗಳು, ಅಲ್ಲಿ ಏನೂ ಕಾಣದೆ ಮುಸುವನನ್ನೇ ಬೈದು ಹೋಗಿದ್ದವು.

"ಯಜಮಾನರೇ, ಪೊದೆಯಲ್ಲಿ ಬಾಲ ಕಾಣ್ತಿದೆ!" ಎದುರು ಮರದಿಂದ ಅಳಿಲು ಕೂಗಿತು.

"ಬಳ್ಳಿಯಿರಬೇಕು. ಇವತ್ತೂ ಆನೆಗಳ ಕೈಲಿ ಬೈಸಿಕೊಳ್ಳಲಾರೆ."

"ಮೈಮೇಲೆ ಚುಕ್ಕೆಗಳಿವೆ!"

"ಎಲೆ ಸಂದಿಯ ಬಿಸಿಲು. ಪೂರ್ತಿ ಕಂಡ ಮೇಲೆ ಹೇಳು. ಅಲ್ಲಿಯವರೆಗೆ ಬಾಯಿ ಮುಚ್ಚು."

ಅಳಿಲು ಬಾಯಿ ಮುಚ್ಚಿತು. ಹಕ್ಕಿಗಳೂ ಸುಮ್ಮನಾದವು. ಕಾಡು ನೆಮ್ಮದಿಯಾಗಿದೆಯೆಂದು ಮುಸುವ ಮೈ ಕೆರೆದುಕೊಂಡ.

"ಯಜಮಾನರೇ," ಅಳಿಲು ಮತ್ತೆ ಕೂಗಿತು, "ಈಗ ಪೂರ್ತಿ ಕಾಣ್ತಿದೆ. ಚಿರತೆಯೇ."

"ಆನೆಗಳನ್ನು ಎಲ್ಲಿಗೆ ಕಳಿಸಲಿ? ಬೇಗ ಹೇಳು!"

"ನಿಮ್ಮ ಬೆನ್ನ ಹಿಂದಿನ ಕೊಂಬೆಗೆ."