ವೈದ್ಯನ ಎರಡು ಬೆರಳು

ಶಿಷ್ಯ ಬಾಳಯ್ಯ ಕೇಳಿದ: “ಬುದ್ಧಿ, ಮಠಕ್ಕೆ ಬರುವ ರೋಗಿಗಳ ಸೇವೆಗೆ ನಿಂತ ಹೊಸತರಲ್ಲಿ ಅವರ ನರಳಾಟ ಕೇಳಿ ನನಗೆ ಅನ್ನ ಸೇರುತ್ತಿರಲಿಲ್ಲ. ಈಗ ಯಾರು ನರಳಿದರೂ ಒಳಗೆ ಏನೂ ಅಲುಗುವುದಿಲ್ಲ. ಮನಸ್ಸು ನೆಲೆ ನಿಂತಿತು ಎಂದುಕೊಳ್ಳಲೇ?”

ಗುರುಗಳು ಹೇಳಿದರು:

ಚೀನಾ ದೇಶದ ಒಂದು ಚಳಿಯೂರಿನಲ್ಲಿ ಒಬ್ಬ ವೈದ್ಯನಿದ್ದ. ಒಣಗಿದ ಮಾಚಿಪತ್ರೆಯನ್ನು ಅರಳೆಯಾಗುವಂತೆ ಕುಟ್ಟಿ, ಬತ್ತಿ ಹೊಸೆದು, ಅದರ ಕೆಂಡವನ್ನು ಮೈಗೆ ತಾಗದಂತೆ ಹಿಡಿದು ಕಾವು ಕೊಡುವುದು ಅವನ ವಿದ್ಯೆ. ಸೆಟೆದ ಕೀಲು ಅದರಿಂದ ಸಡಿಲುತ್ತಿತ್ತು. ರೋಗಿ ‘ಸಾಕು’ ಎಂದಾಗ ಕೆಂಡ ಹಿಂದೆ ಸರಿಯಬೇಕು. ಮೈ ಮರಗಟ್ಟಿ ಬಿಸಿ ತಿಳಿಯದವರು ಬಂದರೆ, ವೈದ್ಯ ಕಾವು ಬೀಳುವ ಜಾಗದ ಎರಡು ಪಕ್ಕಕ್ಕೂ ತನ್ನ ಎಡಗೈಯ ಒಂದೊಂದು ಬೆರಳಿಡುತ್ತಿದ್ದ. ಅವರ ಬದಲು ಅವನ ಬೆರಳು ‘ಸಾಕು’ ಎನ್ನುತ್ತಿತ್ತು.

ಮೊದಮೊದಲು ಬೆರಳಿನಲ್ಲಿ ಗುಳ್ಳೆ ಎದ್ದವು. ಹೆಂಡತಿ ಎಣ್ಣೆ ಸವರುತ್ತಾ, “ಊರವರ ಬಿಸಿಯೆಲ್ಲ ನಿಮಗೇ ಬೇಕೇನು?” ಎಂದು ಗೊಣಗುತ್ತಿದ್ದಳು. ವರ್ಷಗಳು ಕಳೆದವು. ಬೆರಳು ದಡ್ಡುಗಟ್ಟಿತು. ಉರಿ ನಿಂತಿತು. ವಿದ್ಯೆ ಕೈಗೆ ಹತ್ತಿತೆಂದು ವೈದ್ಯ ಹಿಗ್ಗಿದ. ಬಂದವರ ಎದುರು ಕೆಂಡ ಚಿವುಟಿ ತೋರಿಸಿದ. ಆಗ ಬರುತ್ತಿದ್ದವರೆಲ್ಲ ತಾವೇ ‘ಸಾಕು’ ಎನ್ನಬಲ್ಲವರು. ಬೆರಳಿಗೆ ಕೆಲಸ ಬೀಳಲಿಲ್ಲ.

ಒಂದು ಮಾಗಿಯಲ್ಲಿ ಅವನ ಹೆಂಡತಿಗೇ ಲಕ್ವ ಹೊಡೆಯಿತು. ಒಂದು ಕಾಲು ಕೊರಡಾಯಿತು. ಇವಳನ್ನು ನಡೆಸದಿದ್ದರೆ ತನ್ನ ವಿದ್ಯೆ ಯಾತಕ್ಕೆ ಎಂದು ವೈದ್ಯ ಹಳೆಯ, ಹದವಾದ ಬತ್ತಿ ಆರಿಸಿ ತಂದ.

“ಹೆಚ್ಚಾದರೆ ನನಗೆ ತಿಳಿಯುವುದಿಲ್ಲ ನೋಡಿ,” ಎಂದಳು ಅವಳು.

“ನನ್ನ ಬೆರಳಿದೆಯಲ್ಲ.”

“ಹಾಗಾದರೆ ನಿದ್ದೆ ಮಾಡುತ್ತೇನೆ.”

ಅವನು ಬೆರಳಿಟ್ಟ. ಬೆರಳು ಏನೂ ಹೇಳಲಿಲ್ಲ. ಕಾವು ಇನ್ನೂ ಹತ್ತಿಲ್ಲ ಎಂದುಕೊಂಡು ಕೆಂಡವನ್ನು ತುಸು ಇಳಿಸಿದ. ಮತ್ತೂ ತುಸು. ಅವಳು ಹಾಯಾಗಿ ಮಲಗಿದ್ದಳು. ಮಾಚಿಪತ್ರೆಯ ಹೊಗೆಯೊಳಗಿಂದ ಇನ್ನೊಂದು ವಾಸನೆ ಎದ್ದಾಗ ಬೆಚ್ಚಿ ನೋಡಿದ. ಕಾಲೂ ಸುಟ್ಟಿತ್ತು, ಬೆರಳೂ ಸುಟ್ಟಿತ್ತು. ಇಬ್ಬರಲ್ಲಿ ಒಬ್ಬರಿಗೂ ನೋವಿರಲಿಲ್ಲ.

ಆ ಗಾಯ ಮಾಯಲಿಲ್ಲ. ಕೊಳೆಯಿತು, ಮೇಲಕ್ಕೆ ಏರಿತು. ಚಳಿ ಮುಗಿಯುವ ಮೊದಲೇ ಅವಳು ತೀರಿಕೊಂಡಳು. ಮಣ್ಣು ಮಾಡಿ ಬಂದ ವೈದ್ಯ ಕುದಿಯುವ ನೀರಿಗೆ ಬೆರಳು ಅದ್ದಿ ಕಾದ. ಅವು ಆಗಲೂ ಸುಮ್ಮನಿದ್ದವು.

ಗುರುಗಳು ಕತೆ ನಿಲ್ಲಿಸಿದರು. ಬಾಳಯ್ಯ ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ಕೇಳಿದ: “ಮನಸ್ಸು ನೆಲೆ ನಿಂತಿದೆಯೋ ಮರಗಟ್ಟಿದೆಯೋ, ತಿಳಿಯುವುದು ಹೇಗೆ ಬುದ್ಧಿ?”

“ಸೀದ ವಾಸನೆ ಬಂದಾಗ ತಿಳಿಯುತ್ತದೆ.”