ತಲೆದೂಗುವ ವಕೀಲರೂ ಅಡವಯ್ಯ ಶ್ರೀಗಳೂ

ತುಂಬಿಹಾಳ ಮಠದ ಪೂಜ್ಯ ಶ್ರೀ ಅಡವಯ್ಯ ಶಿವಯೋಗಿಗಳ ದರ್ಶನಕ್ಕೆ ಮೊದಲ ಸಲ ಬಂದವರು ಅವರನ್ನೇ ತಡೆದು, "ಅಪ್ಪಾರು ಎಲ್ಲಿ ಅದಾರ್ರೀ?" ಎಂದು ಕೇಳಿದ್ದುಂಟು. ಮಠದಲ್ಲಿ ಬೆಳ್ಳಿಯ ಪೀಠವೊಂದಿತ್ತು. ಅದರ ಮೇಲೆ ಹಿರಿಯ ಗುರುಗಳ ಪಾದುಕೆಗಳಿದ್ದವು. ಶ್ರೀಗಳು ಅದರ ಪಕ್ಕದ ನೆಲದಲ್ಲಿ ಕರಿಯ ಕಂಬಳಿ ಹಾಸಿಕೊಂಡು, ಮೊರವೊಂದನ್ನು ಮುಂದಿಟ್ಟುಕೊಂಡು, ದಾಸೋಹಕ್ಕೆ ಬಂದ ತೊಗರಿಬೇಳೆಯಲ್ಲಿ ಹರಳು ಆರಿಸುತ್ತ ಕುಳಿತಿರುತ್ತಿದ್ದರು. ಆ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಎಂಥ ದೊಡ್ಡ ಮನುಷ್ಯರು ಬಂದು ನಮಸ್ಕರಿಸಿದರೂ ಹರಸಿದ ಕೈ ಮರುಕ್ಷಣ ಮೊರಕ್ಕೆ ಹೋಗುತ್ತಿತ್ತು.

ಪ್ರತಿವರ್ಷ ಶ್ರಾವಣದಲ್ಲಿ ಹಿರಿಯ ಗುರುಗಳ ಪುಣ್ಯಸ್ಮರಣೆಯ ದಿನ ಮಠದಲ್ಲಿ ಬೆಳಗಿನ ಸಂಗೀತಸೇವೆ ನಡೆಯುತ್ತಿತ್ತು. ಹೆಸರಾಂತ ಗಾಯಕರು ತಾವಾಗಿಯೇ ಬಂದು ಹಾಡಿ, ಸಾಲಿನಲ್ಲಿ ಕುಳಿತು ಉಂಡು ಹೋಗುತ್ತಿದ್ದರು. ಬಲಕ್ಕೆ ಗಂಡಸರು, ಎಡಕ್ಕೆ ಹೆಂಗಸರು, ನಡುವೆ ಗಾಯಕರು. ಗಾಯನ ನಡೆದಿರುವಾಗಲೂ ಶ್ರೀಗಳ ಬೆರಳುಗಳು ಬೇಳೆಯಲ್ಲಿ ಆಡುತ್ತಲೇ ಇರುತ್ತಿದ್ದವು. ಅವರು ಒಂದು ಸಲವೂ ತಲೆದೂಗಿದ್ದನ್ನು ಯಾರೂ ಕಂಡಿರಲಿಲ್ಲ.

ಇದನ್ನು ಬಹಳ ವರ್ಷಗಳಿಂದ ಗಮನಿಸಿ, ಮನಸ್ಸಿನಲ್ಲೇ ಶ್ರೀಗಳ ದರ್ಜೆಯನ್ನು ಇಳಿಸಿಟ್ಟವರು ವಕೀಲ ಚನ್ನಮಲ್ಲಪ್ಪ ಇಟಗಿಯವರು.

ಇಟಗಿ ವಕೀಲರು ಕೆಟ್ಟವರಲ್ಲ. ಸುಳ್ಳು ಸಾಕ್ಷಿ ಹೇಳಿಸಿದವರಲ್ಲ, ಬಡವರ ಮೊಕದ್ದಮೆಯನ್ನು ತಿರಸ್ಕರಿಸಿದವರಲ್ಲ. ಆದರೆ ಮನುಷ್ಯರನ್ನು ಅಳೆಯಲು ಅವರ ಬಳಿ ಒಂದೇ ಒಂದು ಮಾಪನವಿತ್ತು, ಅದು ಶಾಸ್ತ್ರೀಯ ಸಂಗೀತ. ಖ್ಯಾಲ್ ಕೇಳಿ ಕಣ್ಣು ಮುಚ್ಚಿ ತಲೆದೂಗುವವನು ಬುದ್ಧಿವಂತ, ಆಕಳಿಸುವವನು ದಡ್ಡ. ಅಲ್ಲಿಗೆ ತೀರ್ಪು ಮುಗಿಯಿತು, ಮೇಲ್ಮನವಿಗೆ ಅವಕಾಶವಿಲ್ಲ! ಕಚೇರಿಗೆ ಗುಮಾಸ್ತನನ್ನು ನೇಮಿಸುವಾಗಲೂ ಅವರು ಮೊದಲು ರೇಡಿಯೊ ಹಚ್ಚಿ ಅವನ ಮುಖ ನೋಡುತ್ತಿದ್ದರು.

ಈ ಮಾಪನಕ್ಕೆ ಮೊದಲು ಸಿಕ್ಕಿದವರು ಅವರ ಧರ್ಮಪತ್ನಿ ನೀಲಗಂಗವ್ವನವರು. ಮದುವೆಯಾದ ಹೊಸತರಲ್ಲಿ ಗಂಡ ಆಸೆಯಿಂದ ಕರೆದೊಯ್ದ ಸಂಗೀತ ಕಛೇರಿಯಲ್ಲಿ ಆ ತಾಯಿ ಪಕ್ಕದಾಕೆಯ ಹೆಗಲ ಮೇಲೆ ಒರಗಿ ಸೊಗಸಾಗಿ ನಿದ್ದೆ ಮಾಡಿದ್ದರು. ಅಂದಿನಿಂದ ಅವರಿಗೆ ಮನೆಯಲ್ಲಿ "ದಡ್ಡಿ" ಎಂಬ ಬಿರುದು ನಿಂತುಬಿಟ್ಟಿತು. ಬೈಗುಳದ ಧ್ವನಿಯಲ್ಲಿ ಅಲ್ಲ, ಸಲಿಗೆಯ ಧ್ವನಿಯಲ್ಲೇ ವಕೀಲರು ಹಾಗೆ ಕರೆಯುತ್ತಿದ್ದರು. ಕೇಳುವವರಿಗೆ ನೋಯುವುದು ಎರಡರಲ್ಲೂ ಒಂದೇ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಅರವತ್ತು ದಾಟಿದ ಮೇಲೆ ವಕೀಲರ ಕಿವಿ ಮಂದವಾಗತೊಡಗಿತು. ಮೊದಲು ತಂಬೂರಿಯ ಝೇಂಕಾರ ಮರೆಯಾಯಿತು, ಆಮೇಲೆ ತಾನಗಳು, ಕೊನೆಗೆ ಗಾಯಕರ ತುಟಿ ಮಾತ್ರ ಕಾಣುವಂತಾಯಿತು. ಬೇರೆ ಯಾರಿಗಾದರೂ ಇದು ವಯಸ್ಸಿನ ತೊಂದರೆ. ಇಟಗಿಯವರಿಗೆ ಇದು ಮಾನದ ಪ್ರಶ್ನೆ. ಸಂಗೀತ ಸವಿಯಲಾರದವನು ದಡ್ಡ ಎಂದು ಊರಿಗೆಲ್ಲ ತೀರ್ಪು ಕೊಟ್ಟವರು ಈಗ ತಾವೇ ಸವಿಯಲಾರದವರಾಗಿದ್ದರು. ಅವರು ವೈದ್ಯರ ಬಳಿ ಹೋಗಲಿಲ್ಲ, ಯಾರಿಗೂ ಹೇಳಲಿಲ್ಲ. ಎಂದಿನಂತೆ ಮೊದಲ ಸಾಲಿನಲ್ಲೇ ಕುಳಿತರು.

ಕುಳಿತರೇನೋ ಸರಿ, ತಲೆದೂಗುವುದು ಯಾವಾಗ? ತಾಳ ಒಂದು ಸುತ್ತು ತಿರುಗಿ ಮತ್ತೆ ಮೊದಲ ಪೆಟ್ಟಿಗೆ ಬಂದು ನಿಲ್ಲುವ ಜಾಗಕ್ಕೆ ಸಮ ಎನ್ನುತ್ತಾರೆ. ಬಲ್ಲವರ ತಲೆಗಳೆಲ್ಲ ಒಟ್ಟಿಗೆ ತೂಗುವುದು ಅಲ್ಲಿ. ಒಂದು ಕ್ಷಣ ಹಿಂದುಮುಂದಾದರೆ ಗುಟ್ಟು ರಟ್ಟಾಗುತ್ತದೆ. ಮಠದ ಸಂಗೀತಸೇವೆಯಲ್ಲಿ ಹೀಗೆ ದಿಕ್ಕುಗಾಣದೆ ಕುಳಿತಿದ್ದ ಒಂದು ದಿನ ಅವರ ದೃಷ್ಟಿ ಹೆಂಗಸರ ಸಾಲಿಗೆ ಹೋಯಿತು. ನೀಲಗಂಗವ್ವನವರು ಎಚ್ಚರವಾಗಿದ್ದರು! ಅವರ ಕೈ ತಲೆಯ ಮೇಲಿನ ಸೆರಗಿಗೆ ಹೋಯಿತು. ಅದೇ ಕ್ಷಣಕ್ಕೆ ಸಾಲಿನ ತಲೆಗಳೆಲ್ಲ ತೂಗಿದವು. ಸ್ವಲ್ಪ ಹೊತ್ತಿಗೆ ಮತ್ತೆ ಸೆರಗು, ಮತ್ತೆ ತಲೆಗಳು. ವಕೀಲರಿಗೆ ಅರ್ಥವಾಯಿತು. ಅಂದಿನಿಂದ ಎರಡು ವರ್ಷ ಅವರು ಹೆಂಡತಿಯ ಸೆರಗು ನೋಡಿಯೇ "ವಾಹ್" ಎಂದರು. ಮನೆಯಲ್ಲಿ ಆಕೆಯೂ ಆ ಮಾತು ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಇಷ್ಟಾದರೂ "ದಡ್ಡಿ" ಎನ್ನುವುದು ಮಾತ್ರ ನಿಲ್ಲಲಿಲ್ಲ ನೋಡಿ, ಮನುಷ್ಯನ ಅಭ್ಯಾಸ ಅಂಥದ್ದು!

ಆ ವರ್ಷದ ಪುಣ್ಯಸ್ಮರಣೆಗೆ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ಮಿರಜದ ಕಡೆಯ ಹಿರಿಯ ಗಾಯಕರೊಬ್ಬರು ಹಾಡಲು ಕುಳಿತಿದ್ದರು. ಗಾಯನ ಏರುತ್ತಿರುವಾಗ ಅಡುಗೆಮನೆಯಿಂದ ಕರೆ ಬಂತು, ರೊಟ್ಟಿ ಬಡಿಯಲು ಕೈ ಸಾಲದು ಎಂದು. ನೀಲಗಂಗವ್ವನವರು ಗಂಡನ ಕಡೆ ಒಮ್ಮೆ ಅನುಮಾನಿಸಿ ನೋಡಿ, ಎದ್ದು ಒಳಗೆ ಹೋದರು. ದಾಸೋಹದ ಕರೆಗೆ ಇಲ್ಲ ಎನ್ನುವುದು ಹೇಗೆ?

ವಕೀಲರಿಗೆ ಸಮ ತೋರಿಸುವವರೇ ಇಲ್ಲವಾದರು. ಬೇರೆ ದಾರಿಯಿಲ್ಲದೆ ತಬಲಾದವರ ಕೈಯನ್ನೇ ದಿಟ್ಟಿಸತೊಡಗಿದರು. ಅಷ್ಟರಲ್ಲಿ ಗಾಯಕರು ನೀರು ಕುಡಿಯಲು ನಿಲ್ಲಿಸಿ, ಹೆಗಲ ಮೇಲಿನ ವಸ್ತ್ರದಿಂದ ಬಾಯಿ ಒರೆಸಿಕೊಂಡರು. ತಬಲಾದವರು ಸುತ್ತಿಗೆ ತೆಗೆದು ತಬಲಾದ ಅಂಚಿಗೆ ಟಕ್ ಟಕ್ ಎಂದು ಬಡಿದು ಶ್ರುತಿ ಸರಿಮಾಡಿಕೊಳ್ಳತೊಡಗಿದರು. ಕೈ ಲಯಬದ್ಧವಾಗಿ ಏರಿತು, ಇಳಿಯಿತು. ಇನ್ನು ತಡಮಾಡಿದರೆ ಕೆಟ್ಟಿತು ಎಂದುಕೊಂಡ ವಕೀಲರು ಕಣ್ಣು ಮುಚ್ಚಿ, ತಲೆ ತೂಗಿ, ಗಟ್ಟಿಯಾಗಿ ಕೂಗಿದರು: "ಓಹೋಹೋ! ಕ್ಯಾ ಬಾತ್ ಹೈ!"

ಹಿಂದಿನ ಸಾಲಿನಿಂದ ಹೊರಟ ನಗೆ ಇಡೀ ಮಂಟಪವನ್ನು ತುಂಬಿತು. ವಕೀಲರಿಗೆ ನಗೆ ಕೇಳಿಸಲಿಲ್ಲ. ಕಣ್ಣು ತೆರೆದಾಗ ಕಂಡದ್ದು ನಗುವ ಬಾಯಿಗಳು, ಮತ್ತು ತಬಲಾದವರ ಕೈಯಲ್ಲಿದ್ದ ಸುತ್ತಿಗೆ. ಎದ್ದವರೇ ಜನರನ್ನು ದಾಟಿಕೊಂಡು ಬಾಗಿಲಿಗೆ ಬಂದು, ರಾಶಿಬಿದ್ದ ಪಾದರಕ್ಷೆಗಳಲ್ಲಿ ತಮ್ಮವನ್ನು ಹುಡುಕತೊಡಗಿದರು. ಕಣ್ಣು ಮಂಜಾಗಿದ್ದರಿಂದ ಅವು ಸಿಗಲಿಲ್ಲ. ಇನ್ನು ಈ ಊರಿನಲ್ಲಿ ತಲೆಯೆತ್ತಿ ತಿರುಗುವುದು ಹೇಗೆಂಬ ಚಿಂತೆಯೊಂದೇ ಅವರ ಎದೆಯಲ್ಲಿತ್ತು.

ಭುಜದ ಮೇಲೆ ಒಂದು ಕೈ ಬಂದು ಕುಳಿತಿತು. ತಿರುಗಿ ನೋಡಿದರೆ ಶ್ರೀಗಳು! ಮೊರವನ್ನು ಬಿಟ್ಟು ಎದ್ದು ಬಂದಿದ್ದರು. ಶ್ರೀಗಳು ಧ್ವನಿ ಏರಿಸಿದ್ದನ್ನು ಆ ಮಠದಲ್ಲಿ ಯಾರೂ ಕೇಳಿರಲಿಲ್ಲ. ಅಂದು ಅವರು ವಕೀಲರ ಕಿವಿಯ ಬಳಿ ಬಾಗಿ, ಇಡೀ ಸಭೆಗೆ ಕೇಳುವಂತೆ ನುಡಿದರು:

"ವಕೀಲರ, ನಿಮ್ಮ ಕಿವಿ ಹೋಗ್ಯಾವ. ಬುದ್ಧಿ ಹೋಗಿಲ್ಲ. ಎಲ್ಲಿಗೆ ಹೊಂಟೀರಿ?"

ಇಷ್ಟು ವರ್ಷ ಕಟ್ಟಿಕೊಂಡಿದ್ದ ಕಟ್ಟೆ ಒಡೆಯಿತು. ವಕೀಲರು ಎಲ್ಲರೆದುರೇ ಅತ್ತುಬಿಟ್ಟರು. "ಅಪ್ಪಾರ, ಸಂಗೀತ ತಿಳಿಯದಾವ ದಡ್ಡ ಅಂತ ಮಂದಿಗೆಲ್ಲ ಹೇಳಿದಾವ ನಾನ. ಈಗ ನನ್ನ ಹತ್ರ ಏನ ಉಳೀತ್ರೀ?"

ಶ್ರೀಗಳು ಅಡುಗೆಮನೆಯ ಕಡೆ ಕೈಮಾಡಿದರು. ಗದ್ದಲಕ್ಕೆ ಗಾಬರಿಯಾಗಿ ಆಗಲೇ ಬಾಗಿಲಿಗೆ ಬಂದಿದ್ದ ನೀಲಗಂಗವ್ವನವರು ಹಿಟ್ಟಿನ ಕೈಯಲ್ಲೇ ಮುಂದೆ ಬಂದು ನಿಂತರು.

"ತಾಯಿ, ಖರೇ ಹೇಳ್ರಿ. ನಿಮಗ ಈ ಸಂಗೀತ ಸೇರತದೇನು?"

ಆ ತಾಯಿ ಗಾಯಕರ ಕಡೆ ನೋಡಿ ಸಂಕೋಚಪಟ್ಟರು. ಆದರೆ ಗುರುಗಳ ಮುಂದೆ ಸುಳ್ಳು ಹೇಳುವುದುಂಟೆ? "ಇಲ್ರೀ ಅಪ್ಪಾರ. ತಪ್ಪು ತಿಳೀಬ್ಯಾಡ್ರಿ, ಅವರು 'ಆ' ಅಂತ ಸುರು ಮಾಡಿದ್ರ ಸಾಕು, ನನಗ ಜೋಂಪು ಹತ್ತತದ."

ಗಾಯಕರೇ ಎಲ್ಲರಿಗಿಂತ ಮೊದಲು ನಕ್ಕರು.

"ಮತ್ತ ಎರಡ ವರ್ಷ ಇವರಿಗೆ ಸೆರಗ ಹಿಡದು ಸಮ ತೋರಿಸಿದ್ರೆಲ್ಲ, ಅದು ಹೆಂಗ?"

ಅದೇ ಏರುಧ್ವನಿಯಲ್ಲಿ ಕೇಳಿದ ಈ ಪ್ರಶ್ನೆ ಕಿವಿಗೆ ಬಿದ್ದು ವಕೀಲರು ಬೆಚ್ಚಿದರು. ತಾವು ಯಾರಿಗೂ ತಿಳಿಯದು ಎಂದುಕೊಂಡಿದ್ದನ್ನು ಶ್ರೀಗಳು ಕಂಬಳಿಯ ಮೇಲೆ ಕುಳಿತೇ ನೋಡಿದ್ದರು. ಬೆರಳು ಬೇಳೆಯಲ್ಲಿದ್ದರೂ ಅವರ ಕಣ್ಣು ಸದಾ ಎದುರಿಗಿದ್ದ ಜೀವಗಳ ಮೇಲಿರುತ್ತಿತ್ತು.

"ಎಣಿಸಿದ್ನಿರೀ," ಎಂದರು ನೀಲಗಂಗವ್ವ. "ಹದಿನಾರು ಆದಮ್ಯಾಲ ತಿರುಗಿ ಒಂದಕ್ಕ ಬರ್ತದ ಅಂತ ಇವರ ಮನ್ಯಾಗ ಮೇಜು ಬಡದು ಬಡದು ಹೇಳ್ಯಾರ. ತಬಲಾದವರ ಒಂದು ಪೆಟ್ಟು ಹಿಡಕೊಂಡು ಎಣಿಸಿಕೋತ ಕುಂತ್ರ ನಿದ್ದೀನೂ ಬರೂದಿಲ್ಲ. ಮಂದಿ ಇವರನ್ನ ನೋಡಿ ನಗಬಾರದಿತ್ರೀ, ಅಷ್ಟ."

ಶ್ರೀಗಳು ವಕೀಲರ ಕಡೆ ತಿರುಗಿ ಆ ಮಾತನ್ನೆಲ್ಲ ಅವರ ಕಿವಿಗೆ ಬಿಡಿಬಿಡಿಯಾಗಿ ಮುಟ್ಟಿಸಿದರು. ಆಮೇಲೆ ಹೇಳಿದರು: "ನೋಡ್ರಿ, ಸಂಗೀತ ಅಂದ್ರ ಪ್ರಸಾದ. ಉಂಡಾವ ಜಾಣ ಆಗೂದಿಲ್ಲ, ಉಣ್ಣದಾವ ದಡ್ಡ ಆಗೂದಿಲ್ಲ. ಹಸದಾವಗ ಹಸಿವಿ ಹಿಂಗತದ, ಅದಕ್ಕ ಅದು ದೊಡ್ಡದು. ನಮಗೂ ಭಾಳ ಸೇರತದ. ಆದರ ಹಾಡು ಕೇಳಿದ ದಿನ ನಮ್ಮ ಕೈಗೆ ನಾಕ ಹರಳು ಹೆಚ್ಚಿಗಿ ಸಿಕ್ಕಿಲ್ಲ."

ವಕೀಲರು ತಬ್ಬಿಬ್ಬಾಗಿ ನಿಂತರು. ತಲೆದೂಗದ ಈ ಯೋಗಿಗೆ ಸಂಗೀತ ಪ್ರಾಣಪ್ರಿಯ! ತೂಕಡಿಸುವ ಆ ಹೆಂಗಸಿಗೆ ಸಂಗೀತದ ಹಸಿವೇ ಇಲ್ಲ, ಆದರೂ ತಾಳದ ಲೆಕ್ಕವನ್ನು ತಪ್ಪದಂತೆ ಹಿಡಿದವಳು ಆಕೆಯೇ. ತಮಗೆ ಸಂಗೀತ ಪ್ರಾಣವಾಗಿತ್ತು, ನಿಜ. ಆ ಪ್ರೀತಿಯಲ್ಲಿ ಸುಳ್ಳಿರಲಿಲ್ಲ. ಆದರೆ ಒಂದೇ ಮನೆಯಲ್ಲಿದ್ದ ಹೆಂಡತಿಯನ್ನೇ ಇಷ್ಟು ಕಾಲ ತಿಳಿಯದೆ ಹೋದ ತಮಗೆ ಅದು ಯಾವ ಜಾಣತನವನ್ನು ಕೊಟ್ಟಿತ್ತು? ಇದನ್ನು ಅವರಿಗೆ ಯಾರೂ ಹೇಳಬೇಕಾಗಲಿಲ್ಲ.

ಪಾದರಕ್ಷೆ ಹುಡುಕುವುದನ್ನು ಬಿಟ್ಟು ವಕೀಲರು ನೆಟ್ಟಗೆ ಮಂಟಪದ ನಡುವೆ ಬಂದು ನಿಂತರು. ಹಿಂದೆ ಕೋರ್ಟಿನಲ್ಲಿ ಮೊಳಗುತ್ತಿದ್ದ ಅದೇ ಧ್ವನಿ ಏರಿತು.

"ನನಗ ಕಿವಿ ಕೇಳಸೂದಿಲ್ಲ. ಎರಡ ವರ್ಷ ಆತು. ನಿಮ್ಮ ಮುಂದ ಕುಂತು ನಾ ನಾಟಕಾ ಆಡೇನಿ. ಈಕಿ ನೀಲಗಂಗಾ, ನನ್ನ ಮಾನಾ ಕಾಯ್ದಾಳ. ಈಕಿನ್ನ ನಾ ದಡ್ಡಿ ಅಂತಿದ್ದೆ. ದಡ್ಡ ಯಾರಂತ ನಿಮಗೆಲ್ಲಾ ಈಗ ತಿಳೀತು, ನನಗೂ ತಿಳೀತು!"

ನಕ್ಕಿದ್ದ ಬಾಯಿಗಳೇ ಮೊದಲು ಜಯಕಾರ ಹಾಕಿದವು. ಹಿರಿಯ ಗುರುಗಳ ಹೆಸರಿನಲ್ಲಿ ಎದ್ದ ಘೋಷ ಅಡವಯ್ಯ ಶ್ರೀಗಳ ಹೆಸರಿಗೆ ಬಂದು, ಕೊನೆಗೆ "ನೀಲಗಂಗವ್ವ ತಾಯಿಗೆ ಜಯವಾಗಲಿ" ಎನ್ನುವಲ್ಲಿಗೆ ಮುಟ್ಟಿತು. ಆ ತಾಯಿ ನಾಚಿ ಹಿಟ್ಟಿನ ಕೈಯಿಂದಲೇ ಮುಖ ಮುಚ್ಚಿಕೊಂಡು, ಕೆನ್ನೆಯೆಲ್ಲ ಬೆಳ್ಳಗೆ ಮಾಡಿಕೊಂಡರು. ಮಿರಜದ ಗಾಯಕರು ಕುಳಿತಲ್ಲಿಂದ ಎದ್ದು ಬಂದು ವಕೀಲರನ್ನು ಅಪ್ಪಿಕೊಂಡರು. ಬಳಿಕ ಗಾಯನ ಮತ್ತೆ ಆರಂಭವಾಯಿತು. ಅಂದು ಅವರು ಹಾಡಿದಂತೆ ಹಿಂದೆಂದೂ ಹಾಡಿರಲಿಲ್ಲವೆಂದು ಕೇಳಿದವರು ಇಂದಿಗೂ ಹೇಳುತ್ತಾರೆ. ವಕೀಲರು ಮೊದಲ ಸಾಲಿಗೆ ಹೋಗದೆ ಶ್ರೀಗಳ ಕಂಬಳಿಯ ಅಂಚಿನಲ್ಲಿ ಕುಳಿತರು. ತಲೆ ಅಲುಗಲಿಲ್ಲ. ಗಾಯಕರ ಮುಖವನ್ನು ನೋಡುತ್ತ ನೋಡುತ್ತ, ತಾವು ಎಂದೋ ಕೇಳಿ ಮನದುಂಬಿಕೊಂಡಿದ್ದ ಸ್ವರಗಳು ಒಳಗೇ ಎದ್ದು ಬಂದು, ಅವರ ಕಣ್ಣಿಂದ ಧಾರಾಕಾರವಾಗಿ ನೀರಿಳಿಯಿತು. ಹೀಗೆ ಯಾರನ್ನೂ ಮೆಚ್ಚಿಸಬೇಕಿಲ್ಲದೆ ಕುಳಿತದ್ದು ಅವರ ಜೀವನದಲ್ಲಿ ಅದೇ ಮೊದಲು.

ಮಧ್ಯಾಹ್ನ ಪ್ರಸಾದದ ಸಾಲು ಕುಳಿತಿತು. ಶ್ರೀಗಳೂ, ಗಾಯಕರೂ, ವಕೀಲರೂ ಒಂದೇ ಸಾಲಿನಲ್ಲಿದ್ದರು. ನೀಲಗಂಗವ್ವನವರು ಹೋಳಿಗೆಯ ಬುಟ್ಟಿ ಹಿಡಿದು ಬಡಿಸುತ್ತ ಬಂದು, ಗಂಡನ ಎಲೆಯ ಮುಂದೆ ನಿಂತು, ಅಭ್ಯಾಸದಂತೆ ಮೆಲ್ಲಗೆ ಏನೋ ಕೇಳಿದರು. ಎರಡು ವರ್ಷದಿಂದ ಇಂಥ ಮಾತಿಗೆಲ್ಲ ಸುಮ್ಮನೆ ಹೂಂ ಎಂದು ತಲೆಯಾಡಿಸುತ್ತಿದ್ದ ವಕೀಲರು ಈ ಸಲ ಊಟ ನಿಲ್ಲಿಸಿ, ತಲೆಯೆತ್ತಿ, ಸಾಲಿಗೆ ಸಾಲೇ ತಿರುಗಿ ನೋಡುವಷ್ಟು ಗಟ್ಟಿಯಾಗಿ, ಬಾಯಿತುಂಬ ನಗುತ್ತ ಹೇಳಿದರು:

"ಕೇಳಿಸಲಿಲ್ಲ ನೀಲಗಂಗಾ, ಇನ್ನೊಮ್ಮೆ ಹೇಳು!"