ಮಂಗಟ್ಟೆಮ್ಮ ಮತ್ತು ಬೆರಳಗಲದ ಕಿಂಡಿ

ಮಕ್ಕಳೇ, ನೇರವಾಗಿ ಕುಳಿತುಕೊಳ್ಳಿ. ಗೌರವಸ್ಥ ಮನೆತನದ ಕತೆಯನ್ನು ಗೋಡೆಗೆ ಒರಗಿಕೊಂಡು ಕೇಳಬಾರದು.

ಹೊಳೆಯ ತಿರುವಿನಲ್ಲಿ ಒಂದು ಕಾಡಿತ್ತು. ಅಲ್ಲಿ ಮಂಗಟ್ಟೆಮ್ಮನ ಮನೆತನ ಏಳು ತಲೆಮಾರಿನಿಂದ ಮರ್ಯಾದೆಯಾಗಿ ಬಾಳಿಕೊಂಡು ಬಂದಿತ್ತು. ಮಂಗಟ್ಟೆ ಎಂದರೆ ದೊಡ್ಡ ಬಾಗಿದ ಕೊಕ್ಕಿನ ಹಕ್ಕಿ. ಆ ಮನೆತನದ ಯಾರೂ ಇನ್ನೊಬ್ಬರ ಗೂಡಿನಲ್ಲಿ ಇಣುಕಿದವರಲ್ಲ. ಬಾಯಲ್ಲಿ ಹಣ್ಣಿಟ್ಟುಕೊಂಡು ಮಾತಾಡಿದವರಲ್ಲ. ಮಂಗಟ್ಟೆಮ್ಮನ ಮುತ್ತಜ್ಜನಂತೂ ಬಿರುಗಾಳಿಯ ದಿನವೂ ಬೆಳಗಿನ ಪ್ರಾರ್ಥನೆಯನ್ನು ತಪ್ಪಿಸಿರಲಿಲ್ಲ. ಒಮ್ಮೆ ಪ್ರಾರ್ಥನೆಯ ನಡುವೆ ಕೊಂಬೆ ಮುರಿಯಿತು. ಉಳಿದ ಅರ್ಧವನ್ನು ಅವರು ಕೆಳಗೆ ಬೀಳುತ್ತಾ ಮುಗಿಸಿದರು.

ಆ ಕಾಡಿನ ಅತ್ತಿಮರಗಳಲ್ಲಿ ಅರ್ಧದಷ್ಟನ್ನು ಈ ಮನೆತನವೇ ನೆಟ್ಟದ್ದು. ಹಣ್ಣು ತಿಂದು, ದೂರ ಹಾರಿ ಹೋಗಿ, ಬೀಜವನ್ನು ಅಲ್ಲಲ್ಲಿ ಬಿಡುತ್ತಿದ್ದರು. ಹೇಗೆ ಬಿಡುತ್ತಿದ್ದರು ಎಂದು ಕೇಳುವುದು ಸಭ್ಯತೆಯಲ್ಲ.

ಹಣ್ಣು ತಿನ್ನುವ ಮೊದಲು ಅವರೆಲ್ಲರೂ ಕಣ್ಣು ಮುಚ್ಚಿ "ದೇವರು ಕೊಟ್ಟ" ಎನ್ನುತ್ತಿದ್ದರು. ಆಮೇಲೆ ತಿನ್ನುತ್ತಿದ್ದರು. ಇದು ಮನೆಯ ನಿಯಮ.

ಒಂದು ವರ್ಷ ಎಲ್ಲಿಂದಲೋ ಒಬ್ಬ ಮುಸುವ ಬಂದ. ಕರಿ ಮುಖದ, ಉದ್ದ ಬಾಲದ ಕೋತಿ. ಜೊತೆಗೆ ಹತ್ತು ಮಂದಿ ಗಟ್ಟಿಮುಟ್ಟಾದ ಭಾವಮೈದುನರು. ಅವನು ದೊಡ್ಡ ಅತ್ತಿಮರದ ತುದಿಗೆ ಹತ್ತಿ, "ಎಲ್ಲರಿಗಿಂತ ಮೇಲೆ ಕುಳಿತವನೇ ಒಡೆಯ" ಎಂದ. ಭಾವಮೈದುನರು ಹೌದೆಂದರು. ಕೊಂಬೆ ಬಹಳ ಎತ್ತರದಲ್ಲಿದ್ದುದರಿಂದ ಯಾರೂ ಹತ್ತಿ ಹೋಗಿ ವಾದ ಮಾಡಲಿಲ್ಲ.

ಮರುದಿನ ಆಜ್ಞೆ ಹೊರಟಿತು. ಇನ್ನು ಮುಂದೆ ಹಣ್ಣು ಬಾಯಿಗಿಡುವ ಮೊದಲು ಎಲ್ಲರೂ "ಒಡೆಯ ಕೊಟ್ಟ" ಎನ್ನಬೇಕು.

"ಇವನೆಲ್ಲಿ ಕೊಟ್ಟ? ಇವನೂ ನಮ್ಮ ಹಾಗೆ ಕಿತ್ತು ತಿನ್ನುವವನೇ ಅಲ್ಲವೇ?" ಎಂದಿತು ಕಾಡುಹಂದಿ.

"ಮೆಲ್ಲಗೆ ಮಾತಾಡು ಮಾರಾಯ. ಎರಡು ಮಾತು ತಾನೇ? ಹೇಳಿದರೆ ಹಲ್ಲೇನೂ ಉದುರುವುದಿಲ್ಲ. ಹೇಳದಿದ್ದರೆ ಉದುರುತ್ತದೆ" ಎಂದಿತು ಮುಳ್ಳುಹಂದಿ.

ಎಲ್ಲರೂ ಹೇಳಿದರು. ಹಣ್ಣು ಮೊದಲಿನಷ್ಟೇ ಸಿಹಿಯಾಗಿತ್ತು.

ಮಂಗಟ್ಟೆಮ್ಮ ಮಾತ್ರ ದಿನದಂತೆ ಬಂದು, ದಿನದ ಕೊಂಬೆಯ ಮೇಲೆ ಕುಳಿತು, ದಿನದಷ್ಟೇ ಗಟ್ಟಿಯಾಗಿ "ದೇವರು ಕೊಟ್ಟ" ಎಂದಳು. ಮಂಗಟ್ಟೆಯ ದನಿ ಹೊಳೆಯಾಚೆಗೂ ಕೇಳುತ್ತದೆ.

ಅವಳನ್ನು ತುಂಬಿದ ಸಭೆಯಲ್ಲಿ ಒಡೆಯನ ಎದುರಿಗೆ ಕರೆತಂದರು.

"ಏನಂದೆ?" ಎಂದ ಮುಸುವ.

"ದೇವರು ಕೊಟ್ಟ ಎಂದೆ. ನಿನಗೆ ಕಿವಿ ಕೇಳಿಸುವುದಿಲ್ಲವೆಂದು ಗೊತ್ತಿದ್ದರೆ ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ."

"ಹಣ್ಣು ಕೊಡುವವನು ನಾನು!"

"ಹಾಗಾದರೆ ಒಂದು ಹಣ್ಣು ಮಾಡಿ ತೋರಿಸು ತಮ್ಮಾ. ನಾನು ಕಾಯುತ್ತೇನೆ."

ಅವಳು ನಿಜವಾಗಿಯೂ ಕಾದಳು. ಭಾವಮೈದುನರೂ ಕಾದರು. ಮುಸುವನಿಗೆ ಸಿಟ್ಟು ಬಂತು.

"ಏನು ಮಹಾ ಮನೆತನ ನಿಮ್ಮದು? ಈ ಕಾಡಿಗೆ ನೀವು ಏನು ಕೊಟ್ಟಿದ್ದೀರಿ? ನಿಮ್ಮಲ್ಲಿ ಇರುವುದು ಒಂದು ಸೊಟ್ಟ ಕೊಕ್ಕು!" ಎಂದ.

ಸಭೆಯಲ್ಲಿ ಯಾರೋ ನಕ್ಕರು. ಮಂಗಟ್ಟೆಮ್ಮ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು. ಅಂಥದ್ದನ್ನು ಇಟ್ಟುಕೊಳ್ಳಲು ಅವಳಲ್ಲಿ ಪ್ರತ್ಯೇಕ ಜಾಗವಿತ್ತು.

ಮುಸುವ ಶಿಕ್ಷೆ ಹೇಳಿದ. "ಇವಳನ್ನು ಆ ಮತ್ತಿಮರದ ಪೊಟರೆಯೊಳಗೆ ಹಾಕಿ. ಪೊಟರೆಯ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿ. 'ಒಡೆಯ ಕೊಟ್ಟ' ಎಂದ ದಿನ ತೆರೆಯಿರಿ. ಅಲ್ಲಿಯವರೆಗೆ ಯಾರೂ ಒಂದು ಹಣ್ಣೂ ಕೊಡಕೂಡದು. ಕೊಟ್ಟವರ ಬಾಲ ಕೀಳುತ್ತೇನೆ. ಆ ಮಾತು ಹೊರಗೆ ಕೇಳುವುದಕ್ಕೆ ಒಂದು ಬೆರಳಗಲದ ಕಿಂಡಿ ಇರಲಿ."

ಇಲ್ಲಿ ಒಂದು ವಿಷಯವನ್ನು ನೀವು ತಿಳಿದಿರಬೇಕು. ಮಂಗಟ್ಟೆಗಳಲ್ಲಿ ಒಂದು ಪದ್ಧತಿ ಇದೆ. ಮೊಟ್ಟೆಯಿಡುವ ಕಾಲ ಬಂದಾಗ ತಾಯಿ ಮರದ ಪೊಟರೆಯೊಳಗೆ ಹೋಗಿ, ತಾನೇ ಅದರ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿಕೊಂಡು, ಬೆರಳಗಲದ ಕಿಂಡಿ ಮಾತ್ರ ಬಿಡುತ್ತಾಳೆ. ಒಳಗೆ ಅವಳ ಗರಿಗಳೂ ಉದುರುತ್ತವೆ. ತಿಂಗಳುಗಟ್ಟಲೆ ಹೊರಗೆ ಬರುವುದಿಲ್ಲ. ಮಂಗಟ್ಟೆಮ್ಮನ ತಾಯಿ ಹಾಗೆ ಇದ್ದಳು, ಅಜ್ಜಿಯೂ ಹಾಗೆ ಇದ್ದಳು. ಮಂಗಟ್ಟೆಮ್ಮನಿಗೂ ಮೊಟ್ಟೆಯಿಡುವ ದಿನ ಹತ್ತಿರವಾಗಿತ್ತು.

ಇದು ಕಾಡಿಗೆಲ್ಲ ಗೊತ್ತಿತ್ತು. ಹೊಸಬನಾದ ಮುಸುವನಿಗೆ ಗೊತ್ತಿರಲಿಲ್ಲ. ಯಾರೂ ಹೇಳಲಿಲ್ಲ. ಏಕೆಂದರೆ ತಾನಾಗಿ ಕೇಳದ ಹೊರತು ಒಡೆಯನಿಗೆ ಯಾರೂ ಏನನ್ನೂ ಹೇಳಬಾರದೆಂದು ಹಿಂದಿನ ದಿನವೇ ಆಜ್ಞೆಯಾಗಿತ್ತು.

ಆದರೆ ಒಂದು ವ್ಯತ್ಯಾಸವಿತ್ತು, ಅದು ಸಣ್ಣದಲ್ಲ. ಪದ್ಧತಿಯಲ್ಲಿ ಮನೆಯ ಯಜಮಾನರು ಕಿಂಡಿಯಿಂದ ದಿನವೂ ಹಣ್ಣು ಕೊಡುತ್ತಾರೆ. ಶಿಕ್ಷೆಯಲ್ಲಿ ಯಾರೂ ಕೊಡುವಂತಿರಲಿಲ್ಲ. ಮಂಗಟ್ಟೆಮ್ಮನ ಯಜಮಾನರನ್ನು ಭಾವಮೈದುನರು ಹೊಳೆಯಾಚೆಗೆ ಅಟ್ಟಿಬಿಟ್ಟರು. ಹಾಗಾಗಿ ಅವಳೂ ಹುಟ್ಟಬೇಕಾದ ಮರಿಗಳೂ ಬದುಕುವುದು ಬಿಡುವುದು ಆ ಎರಡು ಮಾತಿನ ಮೇಲೆ ನಿಂತಿತ್ತು.

ಭಾವಮೈದುನರು ಮಣ್ಣು ಮೆತ್ತಿ ಹೋದರು. ಮಂಗಟ್ಟೆಮ್ಮ ಗೋಡೆಯನ್ನು ಒಳಗಿನಿಂದ ಪರೀಕ್ಷಿಸಿದಳು. ಕೆಲಸ ಸರಿಯಿರಲಿಲ್ಲ. ಸಂಜೆಯವರೆಗೆ ಕೊಕ್ಕಿನಿಂದ ತಟ್ಟಿ ತಟ್ಟಿ ತಾನೇ ಸರಿಮಾಡಿದಳು.

ಕಾವಲಿಗೆ ಒಂದು ಕೆಂದಳಿಲನ್ನು ಇಟ್ಟಿದ್ದರು. ಕೆಂಪು ಮೈಯ ದೊಡ್ಡ ಅಳಿಲು. ಸ್ವಭಾವ ಒಳ್ಳೆಯದು, ಬೆನ್ನೆಲುಬು ಸ್ವಲ್ಪ ಮೆತ್ತಗೆ.

ಮರುದಿನ ಬೆಳಿಗ್ಗೆ ಒಳಗಿನಿಂದ ಪ್ರಾರ್ಥನೆ ಕೇಳಿಸಿತು. ಅಳಿಲು ಕಿಂಡಿಗೆ ಕಣ್ಣಿಟ್ಟು ನೋಡಿತು.

"ಅಮ್ಮಾ, ಹಣ್ಣೇ ಇಲ್ಲವಲ್ಲ? ಇಲ್ಲದ ಹಣ್ಣಿಗೆ ಪ್ರಾರ್ಥನೆಯೇ?"

"ಹಣ್ಣು ತಡವಾಗಬಹುದು. ಪ್ರಾರ್ಥನೆ ತಡವಾಗಬಾರದು. ಕಿಂಡಿಯಿಂದ ಕಣ್ಣು ತೆಗೆ. ನಾನು ಗರಿ ಬದಲಿಸುತ್ತಿದ್ದೇನೆ."

ಎರಡನೆಯ ದಿನವೂ ಏನೂ ಬರಲಿಲ್ಲ. ಅವಳು ಅಂದೇ ಎರಡು ಮೊಟ್ಟೆಯಿಟ್ಟಳು.

ಮೂರನೆಯ ದಿನ ಅವಳ ದನಿ ಹೊಳೆಯಾಚೆಗೆ ಕೇಳಲಿಲ್ಲ. ಮರದ ಬುಡಕ್ಕೂ ಕೇಳಲಿಲ್ಲ. ಕಿಂಡಿಯ ಬಳಿಯಿದ್ದ ಅಳಿಲಿಗೆ ಮಾತ್ರ ಕೇಳಿತು. ಅದಕ್ಕೆ ತಡೆಯಲಾಗಲಿಲ್ಲ.

"ಅಮ್ಮಾ, ನಿಮ್ಮ ಕಾಲಿಗೆ ಬೀಳುತ್ತೇನೆ. ಆ ಎರಡು ಮಾತು ಹೇಳಿಬಿಡಿ. ನಾಲಿಗೆಯಲ್ಲಿ ಒಡೆಯನನ್ನು ಇಟ್ಟುಕೊಳ್ಳಿ, ಹೊಟ್ಟೆಯಲ್ಲಿ ದೇವರನ್ನು ಇಟ್ಟುಕೊಳ್ಳಿ. ನಾವೆಲ್ಲ ಹಾಗೆಯೇ ಮಾಡುತ್ತಿರುವುದು."

"ಹೊಟ್ಟೆ ಇರುವುದು ಹಣ್ಣಿಗೆ" ಎಂದಳು ಮಂಗಟ್ಟೆಮ್ಮ. "ಅದಿರಲಿ, ಇವತ್ತು ನೀನು ಎಷ್ಟು ಸಲ ಹೇಳಿದೆ?"

ಅಳಿಲು ನಾಚಿಕೊಂಡಿತು. "ಲೆಕ್ಕವಿಲ್ಲ. ಈಗ ಕೈ ಮುಗಿದು ಹೇಳಬೇಕು. ನಿನ್ನೆಯಿಂದ ಒಂಟಿಕಾಲಲ್ಲಿ ನಿಂತು ಹೇಳಬೇಕು. ಸರಿಯಾಗಿ ಹೇಳದಿದ್ದರೆ ಮತ್ತೆ ಮೊದಲಿನಿಂದ. ಕಾಡುಹಂದಿ ಒಂಟಿಕಾಲಲ್ಲಿ ನಿಲ್ಲಲು ಹೋಗಿ ಮೂರು ಸಲ ಬಿತ್ತು. ತಿನ್ನುವುದಕ್ಕಿಂತ ಹೇಳುವುದಕ್ಕೇ ಹೊತ್ತು ಹೋಗುತ್ತದೆ."

"ನಾನು ಇಲ್ಲಿ ಎರಡು ಕಾಲಲ್ಲೂ ಕುಳಿತಿದ್ದೇನೆ" ಎಂದಳು ಮಂಗಟ್ಟೆಮ್ಮ. "ನನ್ನ ದೇವರ ಹೆಸರನ್ನು ನನಗೆ ಬೇಕಾದಾಗ ಹೇಳುತ್ತೇನೆ. ಕೇಳುವವರಿಲ್ಲ, ತಡೆಯುವವರಿಲ್ಲ. ಹಸಿವಾಗಿದೆ, ಅದು ನಿಜ. ಭಯವೂ ಒಮ್ಮೆ ಬಂದಿತ್ತು, ಅದೂ ನಿಜ. ಈ ಗೋಡೆಯೊಳಗೆ ಇಬ್ಬರು ಕೂರಲು ಜಾಗವಿಲ್ಲವೆಂದು ಅದಕ್ಕೆ ಹೇಳಿದೆ."

ಅಳಿಲು ಮಣ್ಣಿನ ಗೋಡೆಯನ್ನು ಹೊರಗಿನಿಂದ ಒಮ್ಮೆ ನೋಡಿತು. ಆಮೇಲೆ ಕೇಳಿತು:

"ಅಮ್ಮಾ, ಹಾಗಾದರೆ ಬೀಗ ಬಿದ್ದಿರುವುದು ಯಾವ ಕಡೆಗೆ?"

"ನಿನಗೆ ಬುದ್ಧಿ ಬರುತ್ತಿದೆ. ಬೆನ್ನು ನೆಟ್ಟಗೆ ಮಾಡು."

ನಾಲ್ಕನೆಯ ಬೆಳಿಗ್ಗೆ ಹೊಳೆಯಾಚೆಯಿಂದ ಯಜಮಾನರು ಬಂದರು. ಬಾಲದ ಗರಿಗಳು ಅರ್ಧ ಕಿತ್ತುಹೋಗಿದ್ದವು. ಕೊಕ್ಕಿನಲ್ಲಿ ಒಂದು ಅತ್ತಿಹಣ್ಣು ಇತ್ತು.

ಅಳಿಲು ಅವರನ್ನು ನೋಡಿತು. ನೋಡಿ, ಮರದ ಇನ್ನೊಂದು ಬದಿಗೆ ತಿರುಗಿ ಕುಳಿತುಕೊಂಡಿತು.

"ನನಗೆ ಕಾವಲು ಕಾಯಲು ಹೇಳಿದ್ದಾರೆ. ಯಾವ ಕಡೆ ನೋಡಿಕೊಂಡು ಎಂದು ಹೇಳಿಲ್ಲ" ಎಂದು ಗಾಳಿಗೆ ಹೇಳಿತು. ನಾಲ್ಕು ದಿನದಲ್ಲಿ ಮೊದಲ ಸಲ ಅದರ ಬೆನ್ನು ನೆಟ್ಟಗಿತ್ತು.

ಯಜಮಾನರು ಕಿಂಡಿಯ ಬಳಿ ಬಂದರು. ಆದರೆ ಹಣ್ಣು ಕೊಡಲಿಲ್ಲ. ಅದನ್ನು ಕೊಂಬೆಯ ಮೇಲಿಟ್ಟು ತಲೆ ತಗ್ಗಿಸಿದರು.

"ಇವಳೇ, ನಾನು ಹೇಳಿಬಿಟ್ಟೆ."

"ಏನು ಹೇಳಿದಿರಿ?"

"ಅದೇ. ಬಾಲ ಕೀಳುವಾಗ ಬಾಯಿಂದ ಬಂದುಬಿಟ್ಟಿತು. ಏಳು ತಲೆಮಾರಿನಲ್ಲಿ ನಾನೇ ಮೊದಲನೆಯವನು. ಆ ನಾಚಿಕೆಯಲ್ಲೇ ಮೂರು ದಿನ ಬರಲಿಲ್ಲ."

ಮಂಗಟ್ಟೆಮ್ಮ ಒಳಗಿನಿಂದ ಕೊಕ್ಕನ್ನು ಕಿಂಡಿಗೆ ತಂದಳು.

"ರೀ, ಹಾಗೆ ಹೇಳಿದ ತಪ್ಪು ಯಾರಿಗೆ ಸೇರಿದ ವಿಷಯ?"

"ದೇವರ ವಿಷಯ."

"ಹಾಗಾದರೆ ಕ್ಷಮೆಯನ್ನು ಅಲ್ಲಿ ಕೇಳಿ. ಅಲ್ಲಿ ನನಗಿಂತ ತಾಳ್ಮೆ ಹೆಚ್ಚು. ಮೂರು ದಿನ ಬರದೇ ಇದ್ದದ್ದು ನನ್ನ ವಿಷಯ. ಅದನ್ನು ಆಮೇಲೆ ಮಾತಾಡೋಣ. ಈಗ ಹಣ್ಣು ಕೊಡಿ."

ಹಣ್ಣು ಕಿಂಡಿಯಿಂದ ಒಳಗೆ ಹೋಯಿತು. "ದೇವರು ಕೊಟ್ಟ" ಎಂಬ ಮಾತು ಹೊರಗೆ ಬಂತು. ಹೊರಗಿನಿಂದ ಇನ್ನೊಂದು ದನಿ ಅದನ್ನೇ ಹೇಳಿತು. ಮರದ ಇನ್ನೊಂದು ಬದಿಯಿಂದಲೂ ಒಂದು ದನಿ ಹೇಳಿತು. ಅದು ಯಾರದೆಂದು ಮಂಗಟ್ಟೆಮ್ಮ ಕೇಳಲಿಲ್ಲ.

ಅಂದಿನಿಂದ ಯಜಮಾನರು ದಿನವೂ ಬಂದರು. ಹೊಳೆಯಾಚೆ ಹಣ್ಣು ತುಂಬಿದ ಒಂದು ಅತ್ತಿಮರವಿತ್ತು. ಅದನ್ನು ನೆಟ್ಟದ್ದು ಮಂಗಟ್ಟೆಮ್ಮನ ಅಜ್ಜಿ.

ವಾರಗಳು ಕಳೆದವು. ಮೊಟ್ಟೆಯೊಡೆದು ಎರಡು ಮರಿಗಳು ಹೊರಬಂದವು. ಅದೇ ದಿನಗಳಲ್ಲಿ ಒಡೆಯನ ದೊಡ್ಡ ಅತ್ತಿಮರದಲ್ಲೂ ಹೊಳೆಯ ಈಚೆಯ ಉಳಿದ ಅತ್ತಿಮರಗಳಲ್ಲೂ ಹಣ್ಣು ಮುಗಿಯಿತು. ಮರಗಳಿಗೆ ಅವುಗಳದೇ ಕಾಲವಿದೆ. ಅವು ಆಜ್ಞೆಗಳನ್ನು ಓದುವುದಿಲ್ಲ.

ಬೆಳಿಗ್ಗೆ ಪ್ರಾಣಿಗಳೆಲ್ಲ ಮರದ ಬುಡದಲ್ಲಿ ಕೈ ಮುಗಿದು, ಒಂಟಿಕಾಲಲ್ಲಿ ನಿಂತು "ಒಡೆಯ ಕೊಟ್ಟ" ಎಂದವು. ತಲೆಯೆತ್ತಿ ನೋಡಿದವು. ಒಂದೂ ಹಣ್ಣಿರಲಿಲ್ಲ.

"ಒಡೆಯಾ, ಹಣ್ಣು ಎಲ್ಲಿ?" ಎಂದಿತು ಕಾಡುಹಂದಿ.

"ಮರ ಬಿಟ್ಟಿಲ್ಲ" ಎಂದ ಮುಸುವ.

"ಮರವೇ? ನಾವು ಒಂದು ದಿನವೂ ಮರದ ಹೆಸರು ಹೇಳಿಲ್ಲವಲ್ಲ. ನಿನ್ನ ಹೆಸರೇ ಹೇಳಿದ್ದು. ಇಷ್ಟು ದಿನ ಕೊಟ್ಟವನು ಇವತ್ತು ಯಾಕೆ ಕೊಡುವುದಿಲ್ಲ?"

"ಬಚ್ಚಿಟ್ಟಿರಬೇಕು" ಎಂದಿತು ಮುಳ್ಳುಹಂದಿ.

"ನನ್ನ ಹತ್ತಿರ ಇಲ್ಲ! ಆಣೆಗೂ ಇಲ್ಲ!"

"ಇಲ್ಲದವನು ಕೊಡುವುದು ಹೇಗೆ? ಕೊಟ್ಟವನಾದರೆ ಇಟ್ಟಿರಲೇಬೇಕು" ಎಂದಿತು ಕಾಡುಹಂದಿ. ಅದು ಮೂರು ಸಲ ಬಿದ್ದದ್ದನ್ನು ಮರೆತಿರಲಿಲ್ಲ.

ಅಷ್ಟರಲ್ಲಿ ಭಾವಮೈದುನರಿಗೂ ಹಸಿವಾಗಿತ್ತು. ಅವರೇ ಮೊದಲು ಮರ ಹತ್ತಿದರು.

ಮುಸುವ ಕೊಂಬೆಯಿಂದ ಕೊಂಬೆಗೆ ಹಾರಿ ಓಡಿದ. ಹಿಂದೆ ಇಡೀ ಕಾಡು ಓಡಿತು. ಬಚ್ಚಿಟ್ಟುಕೊಳ್ಳಲು ಅವನಿಗೆ ಎಲ್ಲೂ ಜಾಗ ಸಿಗಲಿಲ್ಲ. ಕೊನೆಗೆ ಮತ್ತಿಮರಕ್ಕೆ ಬಂದು, ಕಿಂಡಿಗೆ ಬಾಯಿಟ್ಟು ಪಿಸುಗುಟ್ಟಿದ:

"ಒಳಗೆ ಬಿಡು! ಬೇಗ!"

"ಇದು ಸೆರೆಮನೆ. ನೀನೇ ಹೇಳಿದ್ದು" ಎಂದಳು ಮಂಗಟ್ಟೆಮ್ಮ.

"ನಿನಗೆ ಬಿಡುಗಡೆ! ಈಗಲೇ ಗೋಡೆ ಒಡೆಯುತ್ತೇನೆ. ನೀನು ಹೊರಗೆ ಬಾ, ನಾನು ಒಳಗೆ ಹೋಗುತ್ತೇನೆ."

"ಗೋಡೆ ಮುಟ್ಟಬೇಡ. ಮಕ್ಕಳು ಮಲಗಿದ್ದಾರೆ. ಅವರಿಗೆ ರೆಕ್ಕೆ ಬಲಿಯುವ ಹೊತ್ತಿಗೆ ನಾನೇ ಒಡೆದು ಬರುತ್ತೇನೆ. ನನ್ನ ಬಿಡುಗಡೆ ನಿನ್ನ ಕೈಯಲ್ಲಿ ಯಾವತ್ತೂ ಇರಲಿಲ್ಲ ತಮ್ಮಾ. ಇದ್ದರೆ ನೀನು ಎಲ್ಲೋ ಕಳೆದುಹಾಕುತ್ತಿದ್ದೆ."

ಪ್ರಾಣಿಗಳು ಮರದ ಸುತ್ತ ಸೇರಿದವು. ಭಾವಮೈದುನನೊಬ್ಬ ಮುಸುವನ ಬಾಲ ಹಿಡಿದ. ಮುಸುವ ಕಣ್ಣು ಮುಚ್ಚಿಕೊಂಡ.

ಆಗ ಕಿಂಡಿಯಿಂದ ಮಂಗಟ್ಟೆಮ್ಮನ ದನಿ ಹೊರಟಿತು. ಈ ಸಲ ಹೊಳೆಯಾಚೆಗೂ ಕೇಳಿತು.

"ಬಾಲ ಬಿಡು! ಯಾರೂ ಯಾರ ಬಾಲವನ್ನೂ ಕೀಳಕೂಡದು. ಹೊಳೆಯಾಚೆ ನನ್ನ ಅಜ್ಜಿ ನೆಟ್ಟ ಅತ್ತಿಮರವಿದೆ. ಎಲ್ಲರಿಗೂ ಸಾಕಾಗುವಷ್ಟು ಹಣ್ಣಿದೆ. ನಮ್ಮ ಯಜಮಾನರು ದಾರಿ ತೋರಿಸುತ್ತಾರೆ. ಸಾಲಾಗಿ ಹೋಗಿ. ನೂಕಾಡಬೇಡಿ."

ಎಲ್ಲವೂ ಸಾಲಾಗಿ ಹೋದವು. ಯಾರೂ ನೂಕಾಡಲಿಲ್ಲ.

ಮರದ ಬಳಿ ಮುಸುವ ಒಬ್ಬನೇ ಉಳಿದ. ಕಿಂಡಿಯಿಂದ ಒಂದು ಅತ್ತಿಹಣ್ಣು ಹೊರಬಂತು. ಅದು ಮಂಗಟ್ಟೆಮ್ಮನ ಆ ದಿನದ ಪಾಲು.

ಮುಸುವ ಹಣ್ಣು ಹಿಡಿದುಕೊಂಡು ಕೇಳಿದ: "ತಿನ್ನುವ ಮೊದಲು ಏನು ಹೇಳಬೇಕು?"

"ಏನೂ ಹೇಳಬೇಕಾಗಿಲ್ಲ. ಹೇಳಿಸಿ ತಿನ್ನಿಸುವುದು ನಿನ್ನ ನಿಯಮ. ನನ್ನದಲ್ಲ, ನನ್ನ ದೇವರದ್ದೂ ಅಲ್ಲ."

ಮುಸುವ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದ. ಇಂಥದ್ದೊಂದನ್ನು ತಾನು ಯಾವತ್ತೂ ಮಾಡಲಾರೆ ಎಂಬುದು ಅವನಿಗೆ ಹೊಳೆದಂತೆ ಕಂಡಿತು. ಅವನು ಏನೋ ಮೆಲ್ಲಗೆ ಹೇಳಿಕೊಂಡು ತಿಂದ. ಏನು ಹೇಳಿದನೆಂದು ಮಂಗಟ್ಟೆಮ್ಮ ಕಿವಿಗೊಡಲಿಲ್ಲ. ಇನ್ನೊಬ್ಬರ ಪ್ರಾರ್ಥನೆಯನ್ನು ಕದ್ದು ಕೇಳುವ ಮನೆತನವಲ್ಲ ಅದು.

ಹಣ್ಣು ಮುಗಿಸಿ ಮುಸುವ ಇಳಿಯಲು ಹೊರಟ.

"ನಿಲ್ಲು" ಎಂದಳು ಮಂಗಟ್ಟೆಮ್ಮ. "ನನ್ನನ್ನು ಇಲ್ಲಿ ಹಾಕಿದ್ದನ್ನು ನಾನು ಎಂದೋ ಮನ್ನಿಸಿದ್ದೇನೆ. ಅದರ ಮಾತು ಬೇಡ. ಆದರೆ ನೀನು ತುಂಬಿದ ಸಭೆಯಲ್ಲಿ ನಮ್ಮ ಮನೆತನ ಈ ಕಾಡಿಗೆ ಏನು ಕೊಟ್ಟಿದೆ ಎಂದೆ. ಸೊಟ್ಟ ಕೊಕ್ಕು ಎಂದೆ. ಎಲ್ಲರೂ ಹೊಟ್ಟೆ ತುಂಬ ತಿಂದು ವಾಪಸು ಬರಲಿ. ಅವರೆಲ್ಲರ ಎದುರಿಗೆ ಕ್ಷಮೆ ಕೇಳು."

"ನಾಳೆ ಕೇಳಿದರೆ ಆಗದೇ?" ಎಂದ ಮುಸುವ.

"ಇವತ್ತೇ. ಎರಡೂ ಕಾಲಲ್ಲಿ ನಿಂತುಕೊಂಡು."

ನೀತಿ: ದೇವರನ್ನು ನಂಬಿದವರು ಸೆರೆಯಲ್ಲಿಯೂ ಸ್ವತಂತ್ರರು; ಆದರೂ ಸೆರೆಗೆ ಹಾಕಿದವರು ಕ್ಷಮೆ ಕೇಳತಕ್ಕದ್ದು.